ಟ್ಯಾಂಕಿಗೆ ದುಡ್ಡು ಸಿಗುತ್ತೆ, ಕರೆಂಟ್ ಬಿಲ್ ಕಟ್ಟೋರ್ಯಾರು?

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ದೌಂಡ ಕಡೆಗೆ ಹೊರಳುವಲ್ಲಿ ಕುರಕುಂಭ ಸಿಗುತ್ತದೆ. ಎಂಐಡಿಸಿಯ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳ ಊರು ಇದು. ಸುತ್ತಲಿನ ಬಾವಿ, ಬೋರ್‌ವೆಲ್ ನೀರು ಕೆಟ್ಟಿದೆ ಎಂಬ ಹಳ್ಳಿಗರ ದೂರು ಹಲವು ವರ್ಷಗಳದ್ದು. ಇಲ್ಲಿನ ಒಂದು ಕಾರ್ಖಾನೆಯ ಪರಿಸರ ವಿಭಾಗದಲ್ಲಿ ದುಡಿಯುವ ನಾನು ಅಫಜಲಪುರ ಕಡೆಯವನು. ದೌಂಡ ದಾಟಿದ ಭೀಮೆ ಉಜನಿ, ಪಂಢರಪುರ ಕಳೆದು ನಮ್ಮ ಸೀಮೆಗೇ ಬರುತ್ತಾಳೆ. ಹಾಗಾಗಿ ಇಲ್ಲಿನ ನೀರಿನ ಮಾತು ನನಗೆ ಪರವೂರಿನದಲ್ಲ.

ಕಳೆದ ವರ್ಷ ಪಕ್ಕದ ಒಂದು ವಾಡಿಗೆ ಸಿಎಸ್‌ಆರ್ ಹಣದಲ್ಲಿ ಕುಡಿಯುವ ನೀರು ಕೊಡಲು ಎಷ್ಟು ಖರ್ಚು ಬರುತ್ತದೆಂದು ಅಂದಾಜು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರ ಬಾಯಲ್ಲೂ ಒಂದೇ ಮಾತು: ‘ಒಂದು ಆರ್‌ಒ ಪ್ಲಾಂಟ್ ಹಾಕಿಬಿಡಿ.’

ನಾನು ಮೊದಲು ಕೇಳಿದ್ದು ನೀರಲ್ಲಿ ಏನಿದೆ ಎಂದು. ಊರ ಹುಡುಗರು ಟಿಡಿಎಸ್ ಮೀಟರ್ ತಂದು ತೋರಿಸಿದರು. ಭಾರತೀಯ ಮಾನಕ 10500ರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿ.ಗ್ರಾಂ ಇದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 2,000ದವರೆಗೂ ನಡೆಯುತ್ತದೆ. ಆದರೆ ಆ ಮೀಟರ್ ಕರಗಿದ ಲವಣವನ್ನಷ್ಟೇ ಅಂದಾಜು ಮಾಡುತ್ತದೆ. ದ್ರಾವಕವಾಗಲಿ ರೋಗಾಣುವಾಗಲಿ ಅದಕ್ಕೆ ಕಾಣುವುದಿಲ್ಲ. ರಾಸಾಯನಿಕ ವಲಯದ ಪಕ್ಕದಲ್ಲಿ ಪ್ರಯೋಗಾಲಯದ ವರದಿ ಇಲ್ಲದೆ ಯಂತ್ರ ಆರಿಸುವುದೆಂದರೆ ರೋಗ ಗೊತ್ತಿಲ್ಲದೆ ಗುಳಿಗೆ ಕೊಟ್ಟಂತೆ. ಅಂದಾಜಿನ ಮೊದಲ ಸಾಲಿಗೇ ನೀರು ಪರೀಕ್ಷೆಯ ಖರ್ಚು ಬರೆದೆ.

ಎರಡನೆಯ ಪ್ರಶ್ನೆ, ಎಷ್ಟು ಜನ? ಪಂಚಾಯಿತಿಯವರು 2011ರ ಜನಗಣತಿಯ ಸಂಖ್ಯೆ ಕೊಟ್ಟರು. ಸಂಜೆ ಬಾಡಿಗೆ ಖೋಲಿಗಳ ಕಡೆ ಹೋದರೆ ಬೇರೆಯೇ ಊರಿತ್ತು. ಬಿಹಾರ, ಒಡಿಶಾದವರ ಜೊತೆ ನಮ್ಮ ಕಲಬುರಗಿ, ವಿಜಯಪುರದ ಗುತ್ತಿಗೆ ಕಾರ್ಮಿಕರೂ ಇದ್ದರು. ಕ್ಯಾನ್ ನೀರು ಕೊಂಡು ತರುತ್ತಿದ್ದ ಹೆಣ್ಣುಮಗಳೊಬ್ಬಳು ಕೇಳಿದಳು: ‘ಅಣ್ಣಾ, ಊರಿನ ಮಂದೀಗೆ ನಳ ಬರ್ತಾವ. ನಾವು ಯಾವ ಲೆಕ್ಕದಾಗ ಇದ್ದೀವ್ರಿ?’

ನಿಜವಾಗಿ ಯಾವ ಲೆಕ್ಕದಲ್ಲೂ ಇರಲಿಲ್ಲ. ಜಲ ಜೀವನ ಮಿಷನ್ ಕೊಡಬೇಕಾದದ್ದು ತಲೆಗೆ ದಿನಕ್ಕೆ 55 ಲೀಟರ್. ಉದಾಹರಣೆಗೆ 3,000 ಜನರ ಊರಿಗೆ 1.65 ಲಕ್ಷ ಲೀಟರ್ ಸಾಕು. ಬಾಡಿಗೆದಾರರು ಇನ್ನೂ 1,000 ಮಂದಿ ಇದ್ದರೆ 2.20 ಲಕ್ಷ ಬೇಕು. ಆ 55,000 ಲೀಟರಿನ ಕೊರತೆಯನ್ನು ಊರವರೂ ಕೂಲಿಯವರೂ ನಳದ ಮುಂದೆ ಜಗಳವಾಡಿ ಹಂಚಿಕೊಳ್ಳಬೇಕಾಗುತ್ತದೆ. ಖೋಲಿ ಖೋಲಿ ತಿರುಗಿ ತಲೆ ಎಣಿಸಿದೆವು.

ಮೂರನೆಯದು, ನಡೆಸುವವರು ಯಾರು? ಟ್ಯಾಂಕ್ ಕಟ್ಟಲು ಹಣ ಹೇಗೋ ಸಿಗುತ್ತದೆ. ಮಿಷನ್‌ನಲ್ಲಿ ಕೇಂದ್ರ ಮತ್ತು ಮಹಾರಾಷ್ಟ್ರ ಅರ್ಧರ್ಧ ಹಾಕುತ್ತವೆ. ಊರೊಳಗಿನ ಕಾಮಗಾರಿಗೆ ಸಾಮಾನ್ಯವಾಗಿ ಶೇ 10 ಗ್ರಾಮಸ್ಥರ ವಂತಿಗೆ. 15ನೇ ಹಣಕಾಸು ಆಯೋಗದ ಅನುದಾನದಲ್ಲೂ ಶೇ 30 ನೀರಿಗೇ ಮೀಸಲಿತ್ತು. ಆದರೆ ಪಂಪಿನ ಕರೆಂಟ್ ಬಿಲ್, ನೀರು ಬಿಡುವವನ ಸಂಬಳ, ಕ್ಲೋರಿನ್, ಆರ್‌ಒ ಪೊರೆ ಬದಲಿಸುವ ಖರ್ಚು ಪ್ರತಿ ವರ್ಷದ್ದು. ಉದ್ಘಾಟನೆಯ ಕಲ್ಲಿನ ಮೇಲೆ ಅದನ್ನು ಯಾರೂ ಕೆತ್ತಿಸುವುದಿಲ್ಲ. ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಬೀಗ ಬಿದ್ದ ಶುದ್ಧ ನೀರಿನ ಘಟಕಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗ್ರಾಮಸಭೆಯಲ್ಲಿ ಐದು ವರ್ಷದ ನಿರ್ವಹಣಾ ಲೆಕ್ಕವನ್ನು ಮರಾಠಿಯಲ್ಲಿ ಓದಿ ಹೇಳಿದೆವು. ಪಾಣಿಪಟ್ಟಿ ಹೆಚ್ಚಿಸಲು ಗಂಡಸರು ಹಿಂದೆಮುಂದೆ ನೋಡಿದರು. ಕ್ಯಾನಿಗೆ ತಿಂಗಳಿಗೆ ಎಷ್ಟು ಹೋಗುತ್ತದೆಂದು ಕೈಬೆರಳಲ್ಲೇ ಲೆಕ್ಕ ಹಾಕಿದ ಹೆಂಗಸರು ಒಪ್ಪಿದರು. ಖೋಲಿ ಮಾಲೀಕರೂ ಬಾಡಿಗೆದಾರರ ಲೆಕ್ಕದಲ್ಲಿ ಪಟ್ಟಿ ಕಟ್ಟಬೇಕೆಂದು ಠರಾವಾಯಿತು. ಕುಡಿಯಲು, ಅಡುಗೆಗೆ ಮಾತ್ರ ತಲೆಗೆ 8–10 ಲೀಟರ್ ಶುದ್ಧೀಕರಿಸಿದ ನೀರು, ಬಳಕೆಗೆ ನಳದ ನೀರು ಎಂದು ಯೋಜನೆ ಇಬ್ಭಾಗವಾಯಿತು. ಯಂತ್ರ ಚಿಕ್ಕದಾಯಿತು, ಖರ್ಚೂ ಇಳಿಯಿತು.

ಒಂದು ಮಾತನ್ನು ಮಾತ್ರ ಕಚೇರಿಯಲ್ಲಿ ಗಟ್ಟಿಯಾಗಿಯೇ ಹೇಳಬೇಕಾಯಿತು. 2021ರ ತಿದ್ದುಪಡಿಯ ಪ್ರಕಾರ, ಬೇರೆ ಕಾನೂನಿನಂತೆ ಕಂಪನಿ ಮಾಡಲೇಬೇಕಾದ ಕೆಲಸ ಸಿಎಸ್‌ಆರ್ ಆಗುವುದಿಲ್ಲ. ಮಲಿನ ಮಾಡಿದವನೇ ಭರಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಹೊಲಸು ತೊಳೆಯುವ ಕರ್ತವ್ಯವನ್ನು ದಾನದ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ.

ಪರಊರಿನ ಕಂಪನಿಗಳಲ್ಲಿ ನಮ್ಮವರು ಅನೇಕರು ಇಂಥ ಕಡತಗಳಿಗೆ ಸಹಿ ಹಾಕುವ ಜಾಗದಲ್ಲಿದ್ದಾರೆ. ಸಹಿಗೆ ಮುಂಚೆ ಮೂರೇ ಮಾತು ಕೇಳಿ: ನೀರಲ್ಲಿ ಏನಿದೆ, ಬಾಡಿಗೆ ಖೋಲಿಯವರನ್ನು ಎಣಿಸಿದ್ದೀರಾ, ಆರನೇ ವರ್ಷದ ಕರೆಂಟ್ ಬಿಲ್ ಯಾರ ಹೆಸರಲ್ಲಿದೆ?