ಹಸುವಿನ ಹೊಟ್ಟೆಯಲ್ಲಿ ತಂತಿ

ಹೊಲದಲ್ಲಿ ಹಳೆಯ ನಾಣ್ಯ ಹುಡುಕುವ ಲೋಹಶೋಧಕದಂಥ ಯಂತ್ರವನ್ನೇ ಪಶುವೈದ್ಯರು ಹಸುವಿನ ಎದೆಯ ಕೆಳಗೆ ಆಡಿಸಿ ನೋಡುವುದುಂಟು. ಅಲ್ಲಿರುವುದು ನಿಧಿಯಲ್ಲ, ಮೊಳೆ ಅಥವಾ ತಂತಿ. ಹಸು ಮೇವನ್ನು ಪೂರ್ತಿ ಅಗಿಯದೆ ನುಂಗುವುದರಿಂದ ಇವು ಜೇನುಗೂಡಿನಂಥ ಎರಡನೆಯ ಹೊಟ್ಟೆ ಸೇರುತ್ತವೆ. ಅದಕ್ಕೂ ಹೃದಯಕ್ಕೂ ನಡುವೆ ವಪೆಯೊಂದೇ ಅಡ್ಡ. ಹೊಟ್ಟೆ ಹಿಂಡಿದಾಗ ತಂತಿ ಚುಚ್ಚಿಕೊಂಡು ಹೃದಯದ ಚೀಲವನ್ನೇ ಮುಟ್ಟಬಹುದು.

ಯಂತ್ರ ಕೂಗಿದ ಮಾತ್ರಕ್ಕೆ ರೋಗವೆನ್ನಲಾಗದು. ಎಷ್ಟೋ ಆರೋಗ್ಯವಂತ ಹಸುಗಳ ಹೊಟ್ಟೆಯಲ್ಲೂ ಕಬ್ಬಿಣವಿರುತ್ತದೆ. ಆದರೆ ಹಾಲು ದಿಢೀರನೆ ಇಳಿದು, ಹಸು ಬೆನ್ನು ಬಾಗಿಸಿ, ಮೊಣಕೈ ಅಗಲಿಸಿ ನಿಂತು ನರಳಿದರೆ ಕೂಡಲೇ ವೈದ್ಯರನ್ನು ಕರೆಯಿರಿ. ಗಂಗೆದೊಗಲು ಬಾತ ಮೇಲೆ ಹಸು ಉಳಿಯುವುದು ಅಪರೂಪ.

ವೈದ್ಯರು ನುಂಗಿಸುವ ಅಯಸ್ಕಾಂತ ಕಬ್ಬಿಣವನ್ನು ಹಿಡಿದಿಡುತ್ತದೆ. ತಾಮ್ರ, ಅಲ್ಯೂಮಿನಿಯಂ ತಂತಿಯನ್ನಲ್ಲ. ಹುಲ್ಲಿನ ಹೊರೆಯನ್ನು ತಂತಿಯಿಂದ ಬಿಗಿಯಬೇಡಿ. ಮನೆ ಕಟ್ಟಿಸಿದವರು ಬೈಂಡಿಂಗ್ ವಯರಿನ ತುಂಡುಗಳನ್ನು ತಿಪ್ಪೆಗೆ ಎಸೆಯದೆ ಗುಜರಿಗೆ ಹಾಕಿ.