ಡಿಸ್ಕ್‌ರಹಿತ ಗಣಕಯಂತ್ರಗಳು ಚಾಲನೆಗೊಳ್ಳದಿದ್ದಾಗ

ತೊಗರಿ ಹಾಗೂ ಹತ್ತಿಯ ಆವಕದ ದಿನಗಳಲ್ಲಿ ಯಾದಗಿರಿ, ಶಹಾಪುರ ಮತ್ತು ಸುರಪುರಗಳ ವರ್ತಕರಿಗೆ ಪ್ರತಿಯೊಂದು ಗಂಟೆಯೂ ಅಮೂಲ್ಯ. ತೂಕದ ಚೀಟಿ, ಬಿಲ್ಲುಗಳೆಲ್ಲ ಗಣಕಯಂತ್ರದಲ್ಲೇ ಸಿದ್ಧವಾಗುವ ಗಿರಣಿಯಲ್ಲಿ, ವಿದ್ಯುತ್ ಹೋಗಿ ಬಂದ ಬಳಿಕ ಯಂತ್ರಗಳು ಚಾಲನೆಗೊಳ್ಳದಿದ್ದರೆ ಅಂಗಳದಲ್ಲಿ ಲಾರಿಗಳು ಸಾಲುಗಟ್ಟುತ್ತವೆ.

ಹಳೆಯ ಯಂತ್ರಗಳನ್ನೇ ಬಳಸಿ ವೆಚ್ಚ ಉಳಿಸಲು ಲಿನಕ್ಸ್‌ನಲ್ಲಿ ಒಂದು ಮಾರ್ಗವುಂಟು. ಮೇಜಿನ ಯಂತ್ರಗಳಿಗೆ ಹಾರ್ಡ್ ಡಿಸ್ಕ್ ಬೇಕಿಲ್ಲ. ಅವುಗಳ ಮೂಲ ಕಡತ ವ್ಯವಸ್ಥೆಯು ಸರ್ವರ್‌ನಲ್ಲಿದ್ದು ಜಾಲದ ಮೂಲಕ ಒದಗುತ್ತದೆ. ಇದಕ್ಕೆ ಆಧಾರವಾದ ಎನ್‌ಎಫ್‌ಎಸ್ ವಿಧಾನವನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರಲ್ಲಿ ರೂಪಿಸಿತು. ಧೂಳಿಗೆ ಕೆಡುವ ಡಿಸ್ಕ್‌ಗಳ ಕಾಟವಿಲ್ಲ. ಆದರೆ ಸರ್ವರ್ ನಿಂತರೆ ಎಲ್ಲವೂ ನಿಲ್ಲುತ್ತವೆ.

ಇಂತಹ ಯಂತ್ರ ಮೂರು ಹಂತಗಳಲ್ಲಿ ಚಾಲನೆಗೊಳ್ಳುತ್ತದೆ: ಡಿಎಚ್‌ಸಿಪಿ ಮೂಲಕ ವಿಳಾಸ ಪಡೆಯುವುದು, ಟಿಎಫ್‌ಟಿಪಿ ಮೂಲಕ ಕರ್ನೆಲ್ ತರಿಸಿಕೊಳ್ಳುವುದು, ಬಳಿಕ ಮೂಲ ಕಡತ ವ್ಯವಸ್ಥೆಯನ್ನು ಜೋಡಿಸಿಕೊಳ್ಳುವುದು. ಯಾವ ಹಂತದಲ್ಲಿ ನಿಂತಿತೆಂಬುದನ್ನು ತೆರೆಯ ಮೇಲೆ ಓದಿಕೊಂಡರೆ ದೋಷದ ನೆಲೆ ತಿಳಿಯುತ್ತದೆ.

ವಿಳಾಸವೇ ದೊರೆಯದಿದ್ದರೆ ಕೇಬಲ್, ಸ್ವಿಚ್ ಹಾಗೂ ಡಿಎಚ್‌ಸಿಪಿ ಸೇವೆಯನ್ನು ಪರೀಕ್ಷಿಸಬೇಕು. ಸ್ಪ್ಯಾನಿಂಗ್ ಟ್ರೀ ಇರುವ ಕೆಲವು ಸ್ವಿಚ್‌ಗಳು ಸಂಪರ್ಕ ತೆರೆಯಲು ಸುಮಾರು 30 ಸೆಕೆಂಡು ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಯಂತ್ರ ಕೈಚೆಲ್ಲಿರುತ್ತದೆ. ಮೇಜಿನ ಯಂತ್ರಗಳ ಪೋರ್ಟ್‌ಗಳಿಗೆ ಈ ವಿಳಂಬವನ್ನು ತಪ್ಪಿಸುವ ಪೋರ್ಟ್‌ಫಾಸ್ಟ್‌ನಂತಹ ಸೌಲಭ್ಯವನ್ನು ಚಾಲನೆಗೊಳಿಸಬೇಕು.

ಕರ್ನೆಲ್ ಬಂದರೂ ಮೂಲ ಕಡತ ವ್ಯವಸ್ಥೆ ಜೋಡಣೆಯಾಗದಿದ್ದರೆ, ಆರಂಭಿಕ ಕಡತದಲ್ಲಿ ಜಾಲ ಕಾರ್ಡಿನ ಡ್ರೈವರ್ ಇಲ್ಲದಿರಬಹುದು; ಅಥವಾ ಸರ್ವರ್‌ನ ಅನುಮತಿ ಪಟ್ಟಿಯಲ್ಲಿ ಆ ಯಂತ್ರದ ವಿಳಾಸ ಅಥವಾ ಕಡತದ ಮಾರ್ಗ ತಪ್ಪಿರಬಹುದು. ಹೊಸ ಕರ್ನೆಲ್ ಹಾಕಿದ ಮರುದಿನವೇ ತೊಂದರೆ ಕಂಡರೆ ಮೊದಲನೆಯದನ್ನೇ ಶಂಕಿಸಬೇಕು. ಆದುದರಿಂದ ಹಳೆಯ ಕರ್ನೆಲನ್ನು ಅಳಿಸದೆ ಉಳಿಸಿಕೊಳ್ಳುವುದು ಲೇಸು.

ಕೆಲಸದ ನಡುವೆ ಸರ್ವರ್ ಉತ್ತರಿಸುತ್ತಿಲ್ಲವೆಂಬ ಸಂದೇಶ ಬಂದೊಡನೆ ಯಂತ್ರವನ್ನು ಆರಿಸಬಾರದು. ಜೋಡಣೆಯು ‘ಹಾರ್ಡ್’ ಬಗೆಯದಾಗಿದ್ದರೆ, ಸರ್ವರ್ ಮರಳಿದ ಬಳಿಕ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ವಿದ್ಯುತ್ ಮರಳಿದಾಗಿನ ತೊಡಕೇ ಬೇರೆ. ಸರ್ವರ್ ತನ್ನ ಡಿಸ್ಕ್ ಪರೀಕ್ಷಿಸುತ್ತಿರುವಾಗಲೇ ಉಳಿದ ಯಂತ್ರಗಳು ಅದನ್ನು ಹುಡುಕಿ, ಕಾಣದೆ, ಸ್ತಬ್ಧವಾಗುತ್ತವೆ. ಇಲ್ಲಿ ಯಾವ ಯಂತ್ರವೂ ಕೆಟ್ಟಿರುವುದಿಲ್ಲ. ಅನುಕ್ರಮ ಮಾತ್ರ ತಪ್ಪಿರುತ್ತದೆ. ಮೊದಲು ಸ್ವಿಚ್, ನಂತರ ಸರ್ವರ್, ಕೊನೆಯಲ್ಲಿ ಮೇಜಿನ ಯಂತ್ರಗಳು ಎಂಬ ಕ್ರಮವನ್ನು ಗೋಡೆಯ ಮೇಲೆ ಬರೆದಿಡುವುದು ಒಳಿತು. ಕರ್ನೆಲ್ ಸೂಚನೆಗಳಲ್ಲಿ ‘ಪ್ಯಾನಿಕ್=30’ ಎಂದು ಸೇರಿಸಿದರೆ, ಕರ್ನೆಲ್ ಸ್ತಬ್ಧವಾದ ಯಂತ್ರ 30 ಸೆಕೆಂಡುಗಳ ನಂತರ ತಾನೇ ಮತ್ತೆ ಪ್ರಯತ್ನಿಸುತ್ತದೆ.

ಸರ್ವರ್ ಮತ್ತು ಸ್ವಿಚ್ ಎರಡಕ್ಕೂ ಯುಪಿಎಸ್, ದಿನವೂ ಲೆಕ್ಕಪತ್ರಗಳ ಪ್ರತಿ, ಕೈಬರಹದ ಒಂದು ಚೀಟಿ ಪುಸ್ತಕ ಇವಿಷ್ಟು ಸಿದ್ಧವಿದ್ದರೆ, ದುರಸ್ತಿಗಾರನು ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬರುವವರೆಗೆ ವ್ಯವಹಾರ ನಿಲ್ಲಬೇಕಾಗಿಲ್ಲ.