ಫೋಮ್ ಪಟ್ಟಿಯೂ ಅಂಟಿನ ಬಾಳಿಕೆಯೂ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಪುಣೆಯಲ್ಲಿ ಪುಸ್ತಕವುಳ್ಳ ಮನೆಗಳಿಗೆ ಚಿಂತೆಯ ಕಾಲ. ಕಪಾಟಿನ ಬಾಗಿಲ ಸಂದಿನಿಂದ ತೇವ ಒಳಹೊಕ್ಕು ಹಾಳೆಗಳಿಗೆ ಬೂಷ್ಟು ಹಿಡಿಯುತ್ತದೆ. ಬೇಸಗೆಯಲ್ಲಿ ಅದೇ ಸಂದಿನಿಂದ ಧೂಳು. ಊರಿನಿಂದ ಹೊತ್ತು ತಂದ ಹಳೆಯ ಕನ್ನಡ ಗ್ರಂಥವೊಂದು ಕೆಟ್ಟರೆ ಅದರ ಇನ್ನೊಂದು ಪ್ರತಿ ಇಲ್ಲಿ ಸುಲಭವಾಗಿ ದೊರೆಯದು. ಆದುದರಿಂದ ಬೆನ್ನಿಗೆ ಅಂಟು ಲೇಪಿಸಿದ ಫೋಮ್ ಪಟ್ಟಿಯಿಂದ ಸಂದು ಮುಚ್ಚುವುದುಂಟು. ಹಲವೆಡೆ ಅದು ಒಂದೇ ವರ್ಷದಲ್ಲಿ ಕಳಚಿ ಜೋತಾಡುತ್ತದೆ. ದೋಷ ಬಹುಮಟ್ಟಿಗೆ ಅಂಟಿನದಲ್ಲ, ಹಚ್ಚುವ ಕ್ರಮದ್ದು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಯ ಭಾಗಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಆ ಅಂಟು ಮರದ ರಂಧ್ರಗಳಿಗಿಳಿದು, ಒಣಗಿ, ಗಟ್ಟಿಯಾಗಿ ಹಿಡಿಯುತ್ತದೆ. ಪಟ್ಟಿಯ ಅಂಟಾದರೋ ಒಣಗುವುದೇ ಇಲ್ಲ. ಅದು ಅತಿ ಮಂದವಾದ ದ್ರವದಂತೆ ಸದಾ ಮೆತ್ತಗಿದ್ದು, ಒತ್ತಿದಾಗ ಮೇಲ್ಮೈಯ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಲ್ಲಿ ಮೆಲ್ಲನೆ ಹರಿಯುತ್ತದೆ. ಎಷ್ಟು ಹರಿದು ತುಂಬಿತೋ ಅಷ್ಟು ಹಿಡಿತ. ನಡುವೆ ಧೂಳು, ಎಣ್ಣೆ, ತೇವದ ಪೊರೆಯಿದ್ದರೆ ಅಂಟು ಹಿಡಿಯುವುದು ಆ ಪೊರೆಯನ್ನೇ, ಕಪಾಟನ್ನಲ್ಲ.

ಉಕ್ಕಿನ ಕಪಾಟಾದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರನ್ನು ಸಮಭಾಗ ಬೆರೆಸಿ, ಶುಭ್ರವಾದ ಬಟ್ಟೆಯಿಂದ ಒರೆಸಿ, ಒಣಗಗೊಡಬೇಕು. ಬಳಿಕ ಬೆರಳು ತಾಗಿಸಬಾರದು. ಬರಿಯ ಮರಕ್ಕೆ ಮೊದಲು ವಾರ್ನಿಷ್ ಬೇಕು, ಅದು ಪೂರ್ಣ ಒಣಗಿರಬೇಕು. ಸುಣ್ಣದ ಗೋಡೆಗೆ ಹಚ್ಚುವುದು ವ್ಯರ್ಥ. ಪಟ್ಟಿಯೊಡನೆ ಸುಣ್ಣವೇ ಎದ್ದುಬರುತ್ತದೆ.

21ರಿಂದ 38 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅಂಟು ಹರಿಯಲು ಅನುಕೂಲ. 10 ಡಿಗ್ರಿಗಿಂತ ಕೆಳಗೆ ಅದು ಬಿಗಿದುಕೊಳ್ಳುತ್ತದೆ. ಪುಣೆಯ ಜನವರಿಯ ನಸುಕು ಕೆಲವೊಮ್ಮೆ ಆ ಮಟ್ಟಕ್ಕಿಳಿಯುತ್ತದೆ. ಮಳೆ ಹಿಡಿದ ಮೇಲೆ ಎಚ್ಚೆತ್ತು ಹಚ್ಚುವುದು ಸಾಮಾನ್ಯ ತಪ್ಪು. ಏಪ್ರಿಲ್–ಮೇ ತಿಂಗಳ ಬೆಳಗಿನ ಹೊತ್ತೇ ತಕ್ಕದ್ದು.

ಮೇಲಿನ ಕಾಗದವನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಒತ್ತಿ ಸಾಗಬೇಕು. ಪಟ್ಟಿಯನ್ನು ಎಳೆದು ಹಿಗ್ಗಿಸಿದರೆ ಅದು ಹಿಂದಕ್ಕೆ ಕುಗ್ಗುವಾಗ ತುದಿಗಳನ್ನು ಕೀಳುತ್ತದೆ. ಬಾಗಿಲು ಪಟ್ಟಿಯನ್ನು ಒತ್ತುವಂತಿರಬೇಕು, ಉಜ್ಜುವಂತಲ್ಲ. ಅಕ್ರಿಲಿಕ್ ಅಂಟು ಸಾಮಾನ್ಯ ಉಷ್ಣತೆಯಲ್ಲಿ 20 ನಿಮಿಷಕ್ಕೆ ಸುಮಾರು ಅರ್ಧ, ಒಂದು ದಿನಕ್ಕೆ ಶೇಕಡಾ 90, ಮೂರು ದಿನಕ್ಕೆ ಪೂರ್ಣ ಬಲ ಪಡೆಯುತ್ತದೆ. ಈ ಮೂರು ದಿನ ಕಾಯಲಾರದವರೇ ಮರುವರ್ಷ ಹೊಸ ಪಟ್ಟಿಗೆ ಹಣ ತೆರುವವರು.

ಅಂಟು ನಿಂತರೂ ಫೋಮ್ ನಿಲ್ಲಬೇಕಷ್ಟೆ. ಅಗ್ಗದ ಪಾಲಿಯುರಿಥೇನ್ ಫೋಮ್ ತೇವ, ಬೆಳಕುಗಳಿಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಹಾಳೆಗಳ ಮೇಲೆ ಉದುರುತ್ತದೆ. ಪುಸ್ತಕದ ಕಪಾಟಿಗೆ ಪಾಲಿಎಥಿಲೀನ್ ಫೋಮ್ ಮೇಲು. ಪಟ್ಟಿ ಹಚ್ಚುವ ಮುನ್ನ ಪುಸ್ತಕಗಳನ್ನು ಹೊರತೆಗೆದು ಗಾಳಿಗೆ ಆರಿಸಿರಬೇಕು. ಇಲ್ಲವಾದರೆ ಬಿಗಿಯಾದ ಬಾಗಿಲು ಒಳಗಿನ ತೇವವನ್ನೇ ಕಾಪಾಡುತ್ತದೆ.